ಮುಗಿಯುವ ಮೊದಲೇ ಬರುವ ಹಳಹಳಿ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಶಾಲೆಯ ನೆನಪುಗಳು'. ನಾನು ಮಾತನಾಡಬೇಕೆಂದು ಬಂದಿರುವುದು ಕಾಲೇಜಿನ ಕೊನೆಯ ದಿನಗಳ ವಿಷಯವಾಗಿ. ಇದನ್ನು ವಿಷಯಾಂತರವೆಂದು ಭಾವಿಸಬಾರದೆಂದು ಪ್ರಾರ್ಥನೆ. 1971ರಲ್ಲಿ ಈ ಶಾಲೆಯನ್ನು ಬಿಟ್ಟುಹೋದಾಗ ನನಗೆ ಇದರ ನೆನಪು ಬರಲೇ ಇಲ್ಲ. ಬಂದದ್ದು ಸುಮಾರು ನಾಲ್ಕು ವರ್ಷ ತಡವಾಗಿ, ಉದಗೀರದಲ್ಲಿ, ಬಿ.ಎ. ಅಂತಿಮ ಪರೀಕ್ಷೆ ಹತ್ತಿರವಾಗಿದ್ದಾಗ. ಇಂದು ಈ ಮಂಟಪದಲ್ಲಿ ಕುಳಿತಿರುವ ಕೆಲವರು ಇದೇ ಬೇಸಿಗೆಯಲ್ಲಿ ಬೀದರ, ಕಲಬುರಗಿ, ಉದಗೀರ, ಲಾತೂರಗಳ ಕಾಲೇಜುಗಳಿಂದ ಪದವಿ ಪಡೆದು ಹೊರಬೀಳುವವರು. ಅವರಲ್ಲಿ ಒಬ್ಬ ಹುಡುಗಿ ನಿನ್ನೆ ಸಂಜೆ ನನ್ನನ್ನು ಕೇಳಿದಳು: "ಸರ್, ಕಾಲೇಜು ಮುಗಿಯಲು ಇನ್ನೂ ಎರಡು ತಿಂಗಳಿದೆ. ಆದರೆ ಈಗಲೇ ಅಳು ಬರುತ್ತದೆ. ಮುಗಿಯದೇ ಇರುವುದಕ್ಕೆ ಅಳುವುದು ಹುಚ್ಚಲ್ಲವೆ?" ನಿನ್ನೆ ನಾನು ನಕ್ಕು ಸುಮ್ಮನಾದೆ. ಇಂದಿನ ಮಾತು ಬಹುಮಟ್ಟಿಗೆ ಅವಳಿಗೆ ಕೊಡಬೇಕಾಗಿದ್ದ ಉತ್ತರ.

ನನ್ನ ಹುಟ್ಟೂರು ಶಿರೂರ ಅನಂತಪಾಳ. ನಾನು ಹುಟ್ಟಿದ 1954ರಲ್ಲಿ ಅದು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಗೆ ಸೇರಿದ ನಿಲಂಗಾ ಸೀಮೆಯ ಒಂದು ಊರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳನ್ನು ಬೀದರದಿಂದ ಬಿಡಿಸಿ ಉಸ್ಮಾನಾಬಾದ ಜಿಲ್ಲೆಗೆ ಕೂಡಿಸಿದರು. ಆ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಹೋಯಿತು. 1960ರ ಮೇ 1ರಂದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಲೆ ಬೇರೆಯಾಯಿತು. ಅನಂತರ ಶಿರೂರ ಅನಂತಪಾಳವೇ ಒಂದು ತಾಲೂಕಿನ ಕೇಂದ್ರವೂ ಆಯಿತು. ನಮ್ಮ ಮನೆಯ ಹೊಸ್ತಿಲು ಒಂದು ಗೇಣೂ ಸರಿಯದೆ ಅದರ ವಿಳಾಸ ಇಷ್ಟು ಸಲ ಬದಲಾಯಿತು. ಅವ್ವನ ತವರು ಮಾತ್ರ ಬೀದರ ಜಿಲ್ಲೆಯಲ್ಲೇ, ಅಂದರೆ ಆಗಿನ ಮೈಸೂರು ರಾಜ್ಯದಲ್ಲಿ ಉಳಿಯಿತು. ನಾಗರಪಂಚಮಿಗೆ ತವರಿಗೆ ಹೋಗುವ ಅವ್ವ ತಾನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುತ್ತಿರುವೆನೆಂದು ಕೊನೆಯವರೆಗೂ ಅರಿತಿರಲಿಲ್ಲ.

ನಮ್ಮ ಆ ಭಾಗದಲ್ಲಿ ಕನ್ನಡ ನೆಲದೊಳಗೆ ಇಳಿದುಹೋದ ನೀರಿನಂತೆ. ಲಾತೂರ ಎಂಬುದು ಶಾಸನಗಳ ಲತ್ತಲೂರು. ರಾಷ್ಟ್ರಕೂಟರು ತಮ್ಮನ್ನು ಆ ಪುರದ ಒಡೆಯರೆಂದು ಹೇಳಿಕೊಂಡರು. ಮಾರ್ಗಶಿರದ ಅಮಾವಾಸ್ಯೆಯ ದಿನ ಲಾತೂರ ಜಿಲ್ಲೆಯ ಊರುಗಳೆಲ್ಲ ಬರಿದಾಗಿ ಜನ ಹೊಲದಲ್ಲಿರುತ್ತಾರೆ. ಮರಾಠಿಯಲ್ಲಿ ಅದನ್ನು 'ವೇಳ ಅಮಾವಾಸ್ಯಾ' ಎನ್ನುತ್ತಾರೆ. ನಮ್ಮ ಎಳ್ಳಮಾವಾಸ್ಯೆಯೇ ಅದು. ಭಜ್ಜಿ, ಅಂಬಲಿ ಉಂಡು, ಬೆಳೆಯ ನಡುವೆ ಅಂಬಲಿ ಚರಗ ಚೆಲ್ಲುತ್ತ ಕೂಗುವ ಕೂಗಿನ ಪದಗಳಿಗೆ ಮರಾಠಿಯಲ್ಲಿ ಅರ್ಥ ಹುಡುಕಿದರೆ ಸಿಗುವುದಿಲ್ಲ. ಬೀದರ ಕಡೆಯ ಹೊಲಗಳಲ್ಲಿ ಅದೇ ಕೂಗು ಸ್ವಲ್ಪ ಬೇರೆ ಉಚ್ಚಾರದಲ್ಲಿ ಕೇಳುತ್ತದೆ. ಮರೆತ ಮಾತೂ ಬಾಯಿಯಲ್ಲಿ ಉಳಿದಿರುತ್ತದೆ ಎಂಬುದಕ್ಕೆ ಮೂವತ್ತು ವರ್ಷ ಇತಿಹಾಸ ಕಲಿಸಿದ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ನಮ್ಮ ಮನೆಯಲ್ಲಿ ಮಾತು ಒಂದೇ ಇತ್ತು, ಕನ್ನಡ. ಲಿಪಿಗಳು ಮಾತ್ರ ಮೂರು. ಅಪ್ಪ ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರು. ಅವರಿಗೆ ಓದಲು ಬರೆಯಲು ಬರುತ್ತಿದ್ದುದು ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆ ಉರ್ದುವಿನಲ್ಲೇ ನಡೆಯುತ್ತಿದ್ದ ಆ ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಬೇರೆ ದಾರಿ ಇರಲಿಲ್ಲ. ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ನಮ್ಮ ಈ ಶಾಲೆಯೂ ತನ್ನ ಮೊದಲ ಕಾಲು ಶತಮಾನವನ್ನು ಅದೇ ಗಾಳಿಯಲ್ಲಿ ಕಳೆದಿದೆ. ನನ್ನ ತಂಗಿ ಶಿರೂರಿನ ಮರಾಠಿ ಶಾಲೆಗೆ ಹೋದಳು; ಅವಳದು ದೇವನಾಗರಿ. ನನ್ನನ್ನು ಆರನೆಯ ವಯಸ್ಸಿನಲ್ಲಿ ಸೋದರಮಾವ ಇಲ್ಲಿಗೆ ಕರೆತಂದು ಈ ಶಾಲೆಗೆ ಹಾಕಿದರು. ನನಗೆ ಕನ್ನಡ ಅಕ್ಷರ ದೊರೆಯಿತು. ಅವ್ವನಿಗೆ ಯಾವ ಅಕ್ಷರವೂ ಇರಲಿಲ್ಲ.

ಈಗ ತೊಡಕು ಏನೆಂದು ನಿಮಗೆ ತಿಳಿದಿರಬಹುದು. ನಾನು ಇಲ್ಲಿಂದ ಕನ್ನಡದಲ್ಲಿ ಕಾಗದ ಬರೆದರೆ ಶಿರೂರಿನ ಮನೆಯಲ್ಲಿ ಅದನ್ನು ಓದುವವರಿಲ್ಲ, ಅಂಚೆಯವನಿಗೂ ಬಾರದು. ನಾಲ್ಕನೆಯ ಇಯತ್ತೆಯಲ್ಲಿ ನಮ್ಮ ಗುರುಗಳೊಬ್ಬರು ನನ್ನ ಕಷ್ಟ ಕೇಳಿ ಒಂದು ಉಪಾಯ ಹೇಳಿದರು. ಹಿಂದಿಯ ಪಾಠಕ್ಕಾಗಿ ನಾಗರಿ ಅಕ್ಷರ ಕಲಿಯಲೇಬೇಕು. ಅದನ್ನು ಈಗಲೇ ಕಲಿತು, ಕನ್ನಡದ ಮಾತನ್ನು ನಾಗರಿಯಲ್ಲಿ ಬರೆ, ತಂಗಿ ಓದಲಿ, ತಾಯಿ ಕೇಳಲಿ ಎಂದರು. ಸಂಜೆ ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂರಿಸಿ ಒಂದು ತಿಂಗಳು ಕಲಿಸಿದರು. ಅನ್ಯ ಲಿಪಿಯೆಂಬ ಅಸಡ್ಡೆ ಅವರಲ್ಲಿರಲಿಲ್ಲ. ಕನ್ನಡ ಶಾಲೆಯ ಮೇಷ್ಟ್ರು ಕನ್ನಡಕ್ಕಾಗಿಯೇ ನನಗೆ ನಾಗರಿ ಕಲಿಸಿದರು. ಇಂದಿನ ಭಾಷಾಜಗಳಗಳನ್ನು ಕೇಳುವಾಗ ಆ ಕಟ್ಟೆ ನನಗೆ ನೆನಪಾಗುತ್ತದೆ.

ನಾಗರಿಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ. ನಾನು "ಬೆಳೆ ಹ್ಯಾಂಗದ?" ಎಂದು ಬರೆದರೆ ಎಂಟು ವರ್ಷದ ತಂಗಿ "ಬೇಳೆ ಹ್ಯಾಂಗದ?" ಎಂದು ಓದುವಳು. ಬೇಳೆ ಚೆನ್ನಾಗಿ ಬೇಯುತ್ತಿದೆಯೆಂದು ಅವ್ವ ಉತ್ತರ ಹೇಳಿ ಕಳಿಸುವಳು. ಮಳೆ ಬಾರದ ವರ್ಷ ಮಗ ಬೇಳೆಯ ಚಿಂತೆ ಮಾಡುತ್ತಾನಲ್ಲ ಎಂದು ಅವಳಿಗೆ ನಗುವಂತೆ. ಹೀಗೆ ಏಳೆಂಟು ವರ್ಷ ನಡೆಯಿತು.

1971ರಲ್ಲಿ ಹತ್ತನೆಯ ತರಗತಿ ಮುಗಿಸಿದೆ. ಅಂಕ ತಿಳಿದ ಮರುವಾರವೇ ರೈಲು ಹತ್ತಿದೆ. ಅಳಲಿಲ್ಲ, ತಿರುಗಿ ನೋಡಲಿಲ್ಲ. ಹದಿನೇಳು ವರ್ಷದ ಹುಡುಗನಿಗೆ ಹನ್ನೊಂದು ವರ್ಷ ಕಲಿಸಿದ ಶಾಲೆಯೆಂದರೆ ದಾಟಿಬಂದ ಹಳ್ಳ. ಮನೆಗೆ ಹತ್ತಿರವೆಂದು ಉದಗೀರದಲ್ಲಿ, 1962ರಲ್ಲಿ ಆರಂಭವಾಗಿದ್ದ ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯವನ್ನು ಸೇರಿದೆ. ಪದವಿ ಕೊಡುವ ವಿಶ್ವವಿದ್ಯಾಲಯ ದೂರದ ಔರಂಗಾಬಾದದ ಮರಾಠವಾಡಾ ವಿಶ್ವವಿದ್ಯಾಲಯ, ಬೋಧನೆ ಮರಾಠಿಯಲ್ಲಿ. ಮರಾಠಿ ನನಗೆ ಸಂತೆಯಲ್ಲಿ ಕೇಳಿದ ಮಾತು. ಆರು ತಿಂಗಳಲ್ಲಿ ಅದು ಪರೀಕ್ಷೆ ಬರೆಯುವಷ್ಟು ಬಂತು, ಎರಡು ವರ್ಷದಲ್ಲಿ ಕನಸು ಕಾಣುವಷ್ಟು.

1972ರ ಬರಗಾಲವನ್ನು ಈ ಸಭೆಯ ಹಿರಿಯರು ಮರೆತಿರಲಾರರು. ಮರಾಠವಾಡಾದ ಹೊಲಗಳು ಬಿರುಕುಬಿಟ್ಟು, ಪಡಿತರದಲ್ಲಿ ವಿದೇಶದ ಕೆಂಪು ಮಿಲೋ ಜೋಳ ಬಂತು. ಸರಕಾರ ತೆರೆದ ರಸ್ತೆ ಕೆಲಸಗಳಲ್ಲಿ ಅವ್ವ ಖಡಿ ಒಡೆದಳು. ಕಾಲೇಜು ಬಿಡುತ್ತೇನೆಂದು ನಾನು ಮನೆಗೆ ಹೋದಾಗ ಅವಳು ಒಂದು ಮಾತೂ ಆಡದೆ ರೊಟ್ಟಿಯ ಗಂಟು ಕಟ್ಟಿ ಕೈಗಿತ್ತು, ಸಂಜೆಯ ಬಸ್ಸಿಗೆ ಕೂರಿಸಿದಳು. ಆ ವರ್ಷವೇ ನಾನೊಂದು ತಪ್ಪು ಮಾಡಿದೆ. ಕೋಣೆಯ ಗೆಳೆಯನೊಬ್ಬ ನಾನು ಬರೆಯುತ್ತಿದ್ದ ಕಾಗದವನ್ನು ಹೆಗಲ ಮೇಲಿಂದ ಓದಿ, ಅಕ್ಷರ ತಿಳಿದೂ ಅರ್ಥವಾಗದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಅದರಲ್ಲಿ ಕೇಡು ಇರಲಿಲ್ಲ. ಆದರೂ ಅಂದಿನಿಂದ ನಾನು ಮನೆಗೆ ಮರಾಠಿಯಲ್ಲಿ ಬರೆಯತೊಡಗಿದೆ. ತಂಗಿಗೆ ಸುಲಭವಾಯಿತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ತಿಂಗಳ ಮೇಲೆ ಉದಗೀರದ ಸಂತೆಗೆ ಬಂದ ಊರವರೊಬ್ಬರ ಕೈಲಿ ಅವ್ವ ಹೇಳಿಕಳಿಸಿದಳು: "ಕಾಗದ ಬರ್ಲತ್ತಾವ. ಆದ್ರ ಅದ್ರಾಗ ನನ್ನ ಮಗ ಮಾತಾಡ್ಲತ್ತಿಲ್ಲ." ಹದಿನೆಂಟರ ಹುಡುಗ ಅದನ್ನು ಕೇಳಿ ಹೆಗಲು ಕೊಡವಿದ.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ಸುದ್ದಿಯನ್ನು ನಾನು ಉದಗೀರದ ಚಹದಂಗಡಿಯಲ್ಲಿ, ಮರಾಠಿ ಪತ್ರಿಕೆಯಲ್ಲಿ ಓದಿದೆ. ನನ್ನ ಶಾಲೆ ಇದ್ದ ರಾಜ್ಯದ ಹೆಸರು ಬದಲಾದುದು ಪರದೇಶದ ವರ್ತಮಾನದಂತೆ ಕಂಡಿತು, ಪುಟ ಮಗುಚಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. 1975ರ ಫೆಬ್ರುವರಿ. ನನ್ನ ಬಾಡಿಗೆಯ ಕೋಣೆ ಉದಗೀರ ರೈಲು ನಿಲ್ದಾಣದ ಸಮೀಪದಲ್ಲಿತ್ತು. ಒಂದು ಮುಂಜಾನೆ, ಇನ್ನೂ ಬೆಳಕು ಹರಿಯುವ ಮೊದಲು, ಓದುತ್ತ ಕುಳಿತಿದ್ದಾಗ ಹೊರಗೆ ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು ಕೇಳಿತು. ಗ್ಯಾಂಗ್‌ಮನ್ ಹಳಿಯನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸುತ್ತಿದ್ದ. ನಾನು ಪುಸ್ತಕ ಮುಚ್ಚಿ ಎದ್ದು ನಿಂತುಬಿಟ್ಟಿದ್ದೆ. ಯಾಕೆ ನಿಂತೆನೆಂದು ಕ್ಷಣಕಾಲ ತಿಳಿಯಲಿಲ್ಲ. ಈ ಶಾಲೆಯ ಹಳಬರಿಗೆ ತಿಳಿದೀತು: ನಮ್ಮ ಕಾಲದಲ್ಲಿ ಇಲ್ಲಿಯ ಗಂಟೆಯೆಂದರೆ ಬೇವಿನ ಕೊಂಬೆಗೆ ತೂಗುಹಾಕಿದ ರೈಲು ಹಳಿಯ ಒಂದು ತುಂಡು. ಪ್ರಾರ್ಥನೆಗೆ ಅದನ್ನು ಬಾರಿಸಿದಾಗ ಕುಳಿತವರೆಲ್ಲ ಎದ್ದು ನಿಲ್ಲಬೇಕು. ಕಾಲುಗಳಿಗೆ ನೆನಪಿತ್ತು, ನನಗೆ ಮರೆತಿತ್ತು. ಆ ದಿನ ಪಾಠ ಮುಂದೆ ಸಾಗಲಿಲ್ಲ. ಕಾಲೇಜು ಬಿಡುವ ದುಃಖವೆಂದು ನಾನು ತಿಳಿದುಕೊಂಡಿದ್ದುದರ ಅಡಿಯಲ್ಲಿ ಶಾಲೆ ಬಿಟ್ಟ ದುಃಖ ನಾಲ್ಕು ವರ್ಷದಿಂದ ಬಡ್ಡಿ ಬೆಳೆಸುತ್ತ ಕುಳಿತಿತ್ತು.

ಈ ಭಾವನೆಗೆ ಕನ್ನಡದಲ್ಲಿ 'ಹಳಹಳಿ' ಎನ್ನುತ್ತೇವೆ. ಮರಾಠಿಯಲ್ಲಿ ಅದಕ್ಕೆ 'ಸ್ಮರಣರಂಜನ' ಎಂಬ ಮಾತಿದೆ. ಒಂದರಲ್ಲಿ ಉರಿ, ಇನ್ನೊಂದರಲ್ಲಿ ರಂಜನೆ. ಇಂಗ್ಲಿಷಿನ 'ನಾಸ್ಟಾಲ್ಜಿಯಾ' ಹುಟ್ಟಿದ್ದು ಔಷಧಶಾಲೆಯಲ್ಲಿ: 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಬಾಸೆಲ್ಲಿನಲ್ಲಿ ಬರೆದ ಪ್ರಬಂಧದಲ್ಲಿ, ಊರು ಬಿಟ್ಟವರನ್ನು ಹಿಡಿಯುವ ಕಾಯಿಲೆಗೆ, ಮರಳುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಪದಗಳನ್ನು ಹೊಲಿದು ಆ ಹೆಸರಿಟ್ಟ. ವಿದ್ಯಾರ್ಥಿಯೇ ಅದಕ್ಕೆ ಹೆಸರು ಕೊಟ್ಟನೆಂಬುದು ನನಗೆ ಇಷ್ಟವಾದ ಸಂಗತಿ. ನಮ್ಮ ಪಂಪ ಬನವಾಸಿಯನ್ನು ನೆನೆದು ಹಂಬಲಿಸಿದ್ದು ಬನವಾಸಿಯಲ್ಲಿ ಕುಳಿತಲ್ಲ, ಇಂದಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಇದ್ದಲ್ಲಿ ಇದ್ದಾಗ ಆ ಸಾಲುಗಳು ಅವನಿಗೆ ಹೊಳೆಯುತ್ತಿದ್ದವೆ ಎಂದು ಕೆಲವೊಮ್ಮೆ ಯೋಚಿಸುತ್ತೇನೆ.

ವಿದ್ಯಾಭ್ಯಾಸ ಮುಗಿಸುವ ಸಂಸ್ಕಾರವನ್ನು ಹಿಂದಿನವರು ಸಮಾವರ್ತನ ಎಂದರು. ಪದದ ಅರ್ಥ ಹಿಂತಿರುಗುವುದು. ಗುರುಕುಲದಿಂದ ಹೊರಟವನು ಮುಂದಕ್ಕೆ ಹೋಗುತ್ತಾನೆಂದು ಅವರು ಹೇಳಲಿಲ್ಲ, ಮನೆಗೆ ಮರಳುತ್ತಾನೆಂದರು. ಇಂದಿನ ಘಟಿಕೋತ್ಸವ ಎಂಬ ಮಾತಿನಲ್ಲಿ ಪ್ರಾಚೀನ ಘಟಿಕಾಸ್ಥಾನದ ನೆನಪಿದೆ. ಅಂಥದೊಂದು ಘಟಿಕೆಗೆ, ಕಂಚಿಗೆ, ಕಲಿಯಲೆಂದು ಹೋದ ನಮ್ಮ ಮಯೂರಶರ್ಮ ಜಗಳವಾಗಿ ಓದು ಬಿಟ್ಟು ಬಂದು ರಾಜ್ಯ ಕಟ್ಟಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ಕನ್ನಡದ ಮೊದಲ ಅರಸುಮನೆತನವನ್ನು ಸ್ಥಾಪಿಸಿದವನಿಗೆ ಘಟಿಕೋತ್ಸವವೇ ಆಗಲಿಲ್ಲವೆಂಬುದನ್ನು ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೆ ನಾನು ಹೇಳುತ್ತಿದ್ದೆ. ಅವರ ಪಾಲಕರಿಗೆ ಅದು ಹಿಡಿಸುತ್ತಿರಲಿಲ್ಲ.

ಪರೀಕ್ಷೆಗೆ ಮೊದಲು ನಮ್ಮ ನಿರೋಪ ಸಮಾರಂಭ ನಡೆಯಿತು. ಮರಾಠಿಯಲ್ಲಿ ನಿರೋಪ ಎಂದರೆ ಬೀಳ್ಕೊಡುಗೆಯೂ ಹೌದು, ಹೇಳಿಕಳಿಸಿದ ಸಂದೇಶವೂ ಹೌದು. ಅಂತಿಮ ವರ್ಷದವರ ಪರವಾಗಿ ಮಾತನಾಡಲು ನನ್ನನ್ನು ನಿಲ್ಲಿಸಿದರು. ಮರಾಠಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೆನ್ನಾಗಿಯೇ ಮಾತನಾಡಿದೆ, ಚಪ್ಪಾಳೆಯೂ ಬಿತ್ತು. ಕಡೆಗೆ 'ಯೇತೋ' ಎಂದು ಹೇಳಿ ಇಳಿಯಬೇಕಿತ್ತು. ಕೈಯಲ್ಲಿದ್ದ ಹಾಳೆ ಮಡಚಿ ತಲೆಯೆತ್ತಿದಾಗ ನನ್ನ ಬಾಯಿಂದ ಹೊರಟದ್ದು, "ಇನ್ನ ನಾ ಬರ್ತೀನ್ರೀ."

ಸಭೆ ಮೌನವಾಯಿತು. ನಾನು ಕಿವಿಯವರೆಗೆ ಬಿಸಿಯಾಗಿ ನಿಂತಿದ್ದೆ. ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಹೋಗಿ ಬಾರಪ್ಪಾ."

ಹೇಳಿದವನು ಉಮರ್ಗಾ ಕಡೆಯ ಹುಡುಗ. ಮೂರು ವರ್ಷ ನನ್ನ ಪಕ್ಕದಲ್ಲೇ ಕುಳಿತವನು. ನಾವಿಬ್ಬರೂ ಅಷ್ಟು ಕಾಲವೂ ಮರಾಠಿಯಲ್ಲಿ ಜಗಳವಾಡಿದ್ದೆವು, ಮರಾಠಿಯಲ್ಲಿ ರೊಟ್ಟಿ ಹಂಚಿಕೊಂಡಿದ್ದೆವು. ಅವನ ಮನೆಮಾತು ಕನ್ನಡವೆಂದು ನನಗೆ ತಿಳಿದಿರಲಿಲ್ಲ; ನನ್ನದು ಕನ್ನಡವೆಂದು ಅವನಿಗೂ ತಿಳಿದಿರಲಿಲ್ಲ. ನಿಲಂಗಾದ ಇನ್ನೊಬ್ಬ ಬಂದು ಸೇರಿದ. ಅವನ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದಂತೆ. ಆ ರಾತ್ರಿ ನಾವು ಮೂವರು ಉದಗೀರ ಕೋಟೆಯ ಕಡೆಗೆ ನಡೆದು ಹೋದೆವು. 1760ರಲ್ಲಿ ಪೇಶವೆಯ ಸೈನ್ಯ ನಿಜಾಮನನ್ನು ಸೋಲಿಸಿದ ಆ ಊರ ಕೋಟೆಯ ಗೋಡೆಗೆ ಒರಗಿ, ಬೆಳಗಾಗುವವರೆಗೆ ಕನ್ನಡದಲ್ಲಿ ಮಾತನಾಡಿದೆವು. ವಿಶೇಷವೇನಲ್ಲ, ಎತ್ತು, ಮಳೆ, ಅಜ್ಜಿಯ ಬೈಗುಳ. ನಾವೇಕೆ ಅಡಗಿಸಿಟ್ಟೆವೆಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಯಾರೂ ನಮ್ಮನ್ನು ಬೆದರಿಸಿರಲಿಲ್ಲ. 'ಕಾನಡಿ' ಎಂದು ಕರೆದಾರು ಎಂಬ ಅಳುಕು, ಅಷ್ಟೆ. ಪಂಢರಪುರದ ವಿಠ್ಠಲನನ್ನೇ ಮರಾಠಿಯ ಸಂತರು ಕನ್ನಡದವನೆಂದು ಕೊಂಡಾಡಿದ್ದಾರೆಂಬುದನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ.

ನಮ್ಮ ಕೈಯಲ್ಲಿ ಆಗ ಉಳಿದಿದ್ದುದು ಹತ್ತು ದಿನ. ಅಷ್ಟರಲ್ಲಿ ಅರ್ಧ ಪರೀಕ್ಷೆಗೆ ಹೋಯಿತು.

ಮಗಳೇ, ನಿನ್ನ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಮುಗಿಯುವ ಮೊದಲೇ ಬರುವ ಅಳು ಹುಚ್ಚಲ್ಲ. ಅದು ಬೇಗ ಬಂದಿದೆ, ನಿನ್ನ ಪುಣ್ಯ. ನನ್ನ ಹಳಹಳಿ ನಾಲ್ಕು ವರ್ಷ ತಡವಾಗಿ ಬಂದದ್ದರಿಂದ ಶಾಲೆಯ ಕಟ್ಟೆಯ ಮೇಲೆ ನನಗೆ ನಾಗರಿ ಕಲಿಸಿದ ಗುರುಗಳನ್ನು ನಾನು ಮತ್ತೆ ನೋಡಲಾಗಲಿಲ್ಲ. ಬಂದು ವಿಚಾರಿಸುವಷ್ಟರಲ್ಲಿ ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ನಿನಗೆ ಎರಡು ತಿಂಗಳಿದೆ. ನೀವೆಲ್ಲ ಈಗ ಫೋನಿನಲ್ಲಿ ಕಾಲೇಜಿನ ಪ್ರತಿ ಮೂಲೆಯ ಚಿತ್ರ ತೆಗೆದುಕೊಳ್ಳುತ್ತೀರೆಂದು ಬಲ್ಲೆ, ಅದು ಒಳ್ಳೆಯದೇ. ನಮ್ಮ ತಂಡದ ಒಂದೇ ಒಂದು ಚಿತ್ರದಲ್ಲಿ ನನ್ನ ಮುಖದ ಅರ್ಧ ಮುಂದಿನವನ ಪಗಡಿಯ ಹಿಂದಿದೆ. ಆದರೆ ಪಕ್ಕದಲ್ಲಿ ಕುಳಿತವಳ ಮನೆಯಲ್ಲಿ ಯಾವ ಮಾತಾಡುತ್ತಾರೆಂದು ಒಮ್ಮೆ ಕೇಳಿ ನೋಡು. ನನಗೆ ಇಂದಿಗೂ ನೋವಾಗುವುದು ಕಾಲೇಜು ಮುಗಿದುದಕ್ಕಲ್ಲ, ಆ ಉಮರ್ಗಾದ ಗೆಳೆಯನೊಡನೆ ಆಡದೆ ಉಳಿದ ಮೂರು ವರ್ಷದ ಮಾತಿಗೆ.

ಕೋಟೆಯಿಂದ ಮರಳಿದ ಬೆಳಗ್ಗೆ ನಾನೊಂದು ನೀಲಿ ಇನ್‌ಲ್ಯಾಂಡ್ ಪತ್ರ ತಂದು, ಎರಡೂವರೆ ವರ್ಷದ ಮೇಲೆ ಮೊದಲ ಸಲ, ನಾಗರಿಯ ಅಕ್ಷರದಲ್ಲಿ ಕನ್ನಡ ಬರೆದೆ. ಮೊದಲ ಸಾಲು, "ಅವ್ವಾ, ಬೆಳೆ ಹ್ಯಾಂಗದ?" ಆ ಹೊತ್ತಿಗೆ ತಂಗಿ ದೊಡ್ಡವಳಾಗಿದ್ದಳು; ಸರಿಯಾಗಿಯೇ ಓದಬಲ್ಲವಳಾಗಿದ್ದಳು. ಆದರೂ ಬೇಕೆಂದೇ "ಬೇಳೆ" ಎಂದು ಓದಿದಳಂತೆ. ಅವ್ವ ನಕ್ಕಳಂತೆ, ಆಮೇಲೆ ಬಹಳ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ.

ಅವ್ವ ಹೋದ ಮೇಲೆ ಅವಳ ತಗಡಿನ ಪೆಟ್ಟಿಗೆಯಲ್ಲಿ ನನ್ನ ಕಾಗದಗಳೆಲ್ಲ ಸಿಕ್ಕವು. ಮರಾಠಿಯ ಕಾಗದಗಳು ಬಂದ ದಿನದ ಹಾಗೆಯೇ ಗರಿಗರಿಯಾಗಿದ್ದವು. ಒಂದು ಸಲ ಓದಿ, ಅರ್ಥ ಹೇಳಿ, ಮಡಚಿಟ್ಟವು. ಕನ್ನಡದವು ಮಡಿಕೆಗಳಲ್ಲಿ ಹರಿದು ಹೋಗಿದ್ದವು. ಬೇಸರವಾದಾಗಲೆಲ್ಲ ಅವ್ವ ಅವನ್ನು ತೆಗೆದು ತಂಗಿಯ ಮುಂದಿಡುತ್ತಿದ್ದಳು. ತಂಗಿ ಗಂಡನ ಮನೆಗೆ ಹೋದ ಮೇಲೆ ನೆರೆಮನೆಯ ಮರಾಠಿ ಹುಡುಗರ ಕೈಯಲ್ಲಿ ಓದಿಸುತ್ತಿದ್ದಳು. ಅವರಿಗೆ ಓದಿದ ಒಂದು ಪದವೂ ತಿಳಿಯುತ್ತಿರಲಿಲ್ಲ. ಕೇಳುವವಳಿಗೆ ಎಲ್ಲವೂ ತಿಳಿಯುತ್ತಿತ್ತು.

ಶತಮಾನೋತ್ಸವದ ವಸ್ತುಪ್ರದರ್ಶನಕ್ಕೆ ಆ ಕಾಗದಗಳನ್ನು ಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಎರಡನ್ನು ತಂದಿದ್ದೇನೆ, ಮೂರನೆಯ ಕೋಣೆಯಲ್ಲಿ, ಹಳೆಯ ಹಾಜರಿ ಪುಸ್ತಕಗಳ ಪಕ್ಕದಲ್ಲಿ ಇಟ್ಟಿದ್ದಾರೆ, ನೋಡಬಹುದು. ಬೇಳೆಯ ಕಾಗದವನ್ನು ಮಾತ್ರ ಕೇಳಬೇಡಿ. ಅದು ತಂಗಿಯ ಬಳಿ ಇದೆ, ಅವಳು ಕೊಡಲಿಲ್ಲ.